ಶಾಂತವ್ವನವರ ಅಭಿಪ್ರಾಯ

ಶಾಂತವ್ವನವರು ಪತ್ರಿಕೆಯ ಚಿತ್ರದಲ್ಲಿದ್ದ ಹೆಂಗಸನ್ನು ಎರಡು ಸಲ ನೋಡುತ್ತಿದ್ದರು. ಮೊದಲು ಅಂಗೈಯಿಂದ ಅವಳ ಮುಖ ಮುಚ್ಚಿ ಬಟ್ಟೆ ನೋಡುವರು. ಆಮೇಲೆ ಕೈ ಕೆಳಗಿಳಿಸಿ, ಬಟ್ಟೆ ಮುಚ್ಚಿ, ಮುಖ ನೋಡುವರು. “ಎರಡೂ ಒಟ್ಟಿಗೆ ನೋಡಿದ್ರ ಮೋಸ ಹೋಗ್ತೀರಿ” ಎನ್ನುವರು. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅಂಗಡಿಗೆ ಬಂದ ಜೀವಂತ ಹೆಂಗಸರನ್ನೂ ಅವರು ಹಾಗೆಯೇ ನೋಡುತ್ತಿದ್ದರು. ಕೂತಲ್ಲಿಂದಲೇ ಒಂದು ಕಣ್ಣು ಮುಚ್ಚಿ, ಅಂಗೈಯನ್ನು ಗಾಳಿಯಲ್ಲಿ ಹಿಡಿದು, ಬಂದವಳ ಮುಖವನ್ನು ಮರೆಮಾಡುವರು. ಆ ಕೈ ಮೇಲೆದ್ದರೆ ಅಂಗಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು.

ಶಿಕಾರಿಪುರದ ಪೇಟೆ ಬೀದಿಯಲ್ಲಿ ಅವರದು ಜವಳಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಲೆಕ್ಕವನ್ನು ಮೈದುನ ನೋಡಿಕೊಂಡರು, ಗಾದಿಯ ಮೇಲೆ ಇವರು ಕೂತರು. ಹೆಣ್ಣುಮಗಳೊಬ್ಬಳು ಗಾದಿಯ ಮೇಲೆ ಕೂತಳೆಂದು ಮೊದಮೊದಲು ಊರು ಮಾತಾಡಿತು. ಅವರು ತಿರುಗಿ ಮಾತಾಡತೊಡಗಿದ ಮೇಲೆ ಊರು ಸುಮ್ಮನಾಯಿತು.

ಅವು ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಶಿವಮೊಗ್ಗದ ದಿನಪತ್ರಿಕೆಯೊಂದಕ್ಕೆ ಶಿಕಾರಿಪುರ, ಸೊರಬ ಎರಡೂ ತಾಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬೆಳಗಿನ ಬಸ್ಸಿಗೆ ಲಕೋಟೆ ಕೊಟ್ಟ ಮೇಲೆ ಅವರ ಅಂಗಡಿಯ ಬಾಗಿಲ ಬೆಂಚಿನ ಮೇಲೆ ಕೂರುವುದು ರೂಢಿ. “ನಿನ್ನ ಪೇಪರಿನಾಗ ಸತ್ತೋರ ಸುದ್ದಿ ಇರ್ತೈತಿ. ಬದುಕಿದೋರ ಸುದ್ದಿ ಬೇಕಾದ್ರ ಇಲ್ಲಿ ಕೂಡು” ಎಂದು ಅವರೇ ಜಾಗ ತೋರಿಸಿದ್ದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಪೇಪರ್ ತಮ್ಮ.

ಬೊಂಬಾಯಿಯ ಮಿಲ್ಲೊಂದರ ಏಜೆಂಟು ಆಗಾಗ ಬರುವಾಗ ಒಂದು ಇಂಗ್ಲಿಷ್ ಪತ್ರಿಕೆ ತಂದು ಕೊಡುತ್ತಿದ್ದ. ಮುಟ್ಟಿದರೆ ಜಾರುವಂಥ ಕಾಗದ, ಬಣ್ಣದ ಚಿತ್ರಗಳು, ಪುಟಕ್ಕೊಬ್ಬಳು ಹೆಂಗಸು. ದೊಡ್ಡ ಊರುಗಳ ದೊಡ್ಡ ಮನೆಯವರು ಯಾವ ಸೀರೆ ಉಡಬೇಕು, ಯಾವ ತೋಳಿನ ರವಿಕೆ ತೊಡಬೇಕು ಎಂದು ತಿಳಿಸುವ ಪತ್ರಿಕೆ. ಅದನ್ನು ದುಡ್ಡು ಕೊಟ್ಟು ತರಿಸುವವರು ಎರಡು ತಾಲೂಕಿನಲ್ಲಿ ಯಾರೂ ಇರಲಿಲ್ಲ. ಆದರೆ ಸಂತೆಯ ದಿನ ಅದನ್ನು ನೋಡಲು ಬರುವವರಿಗೆ ಅಂಗಡಿಯಲ್ಲಿ ಜಾಗ ಸಾಲುತ್ತಿರಲಿಲ್ಲ. ನೋಡಿದವರು ಅಭಿಪ್ರಾಯ ಹೇಳಲೇಬೇಕು. ಅದು ಶಾಂತವ್ವನವರ ಕಾಯಿದೆ.

ಬಂದಳಿಕೆಯ ಅಜ್ಜಿಯೊಬ್ಬಳು ಪುಟ ತಿರುವಿ, “ನಮ್ಮೂರ ಗುಡಿ ಕಂಬದಾಗಿನ ಗೊಂಬಿಗಳೇ ವಾಸಿ ಬಿಡವ್ವಾ. ಕೈಕಾಲು ಮುರಿದಿದ್ರೂ ಮೈ ತುಂಬಿಕೊಂಡಾವ” ಎಂದಿದ್ದಳು. ಶಾಂತವ್ವನವರಿಗೆ ಆ ಮಾತು ಹಿಡಿಸಿತು. ಆದರೆ ತಮ್ಮದನ್ನು ಸೇರಿಸದೆ ಬಿಡಲಿಲ್ಲ. ಗೋಡೆಗೆ ಒರಗಿ ನಿಂತ ರೂಪದರ್ಶಿಯ ಮೇಲೆ ಬೆರಳಿಟ್ಟು ಹೇಳಿದರು: “ಇಕಿ ನಿಂತಿಲ್ಲ. ಇಕೀನ್ನ ಒಣಗಾಕ ಹಾಕ್ಯಾರ.”

ಇಷ್ಟು ಹೇಳಿ ಅವರು ನಗುತ್ತಿರಲಿಲ್ಲ. ಉಳಿದವರು ನಕ್ಕು ಮುಗಿಸುವವರೆಗೆ ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ನೋಡುತ್ತಿದ್ದರು.

ಪತ್ರಿಕೆಯ ಹಿಂಭಾಗದಲ್ಲಿ ಓದುಗರ ಪತ್ರಗಳಿಗೆಂದು ಒಂದು ಪುಟವಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಚಿತ್ರಗಳಿಗಿಂತ ಅವರಿಗೆ ಆ ಪುಟದ ಮೇಲೆ ಆಸೆ. ನಿಮ್ಮ ಪತ್ರಿಕೆ ನೋಡಿದಂದಿನಿಂದ ನನ್ನ ಬೀರುವಿನ ಸೀರೆಗಳೆಲ್ಲ ನಾಚಿಕೆ ತರಿಸುತ್ತಿವೆ ಎಂದು ಯಾರೋ ಶ್ರೀಮತಿ ಬರೆದಿದ್ದರು.

“ಬೀರು ಮುಚ್ಚಿಟ್ಟರ ನಾಚಿಕಿ ಬರಂಗಿಲ್ಲ ಅಂತ ಬರಿ ಆಕಿಗೆ” ಎಂದರು.

“ಇವರೆಲ್ಲ ಹೊಗಳಿಯೇ ಬರೀತಾರಲ್ಲ ಅವ್ವಾರೆ” ಎಂದೆ.

“ಮನಸಿನಾಗ ಇದ್ದಿದ್ದು ಬರದ್ರ ಅಚ್ಚು ಹಾಕ್ತಾರೇನು? ಅದಕ್ಕ ನಮ್ಮಂಥ ಅಂಗಡಿ ಬೇಕು.”

ನಾನು ಬರೆದ ಸುದ್ದಿಗಳನ್ನೂ ಅವರಿಗೆ ಓದಿ ಹೇಳಿದ್ದುಂಟು. ಕೆರೆಯ ಏರಿ ಒಡೆದ ಸುದ್ದಿಯಲ್ಲಿ ನಾನು “ಭೀಕರ, ದಾರುಣ” ಎಂದು ಬರೆದಿದ್ದೆ. “ಒಂದು ಸಾಕಾಗೋ ಕಡಿ ಎರಡು ಯಾಕ? ಎರಡನೇದು ಮೊದಲನೇದನ್ನ ತಿನ್ತೈತಿ” ಎಂದರು. ಶಿವಮೊಗ್ಗದ ಸಂಪಾದಕರು ನನಗೆ ಕಲಿಸಿದ್ದಕ್ಕಿಂತ ಇದು ಹೆಚ್ಚು. ಈಗಲೂ ಎರಡು ವಿಶೇಷಣ ಒಟ್ಟಿಗೆ ಬಂದರೆ ಕೈ ತಡೆಯುತ್ತದೆ.

ಆ ಒಂದೇ ಮಾತಿನ ಶಿಸ್ತು ಮನುಷ್ಯರ ಮೇಲೆ ಬಿದ್ದರೆ ಏನಾಗುತ್ತದೆಂಬುದನ್ನೂ ಅಲ್ಲಿಯೇ ನೋಡಿದೆ. ತಾಲೂಕು ಕಚೇರಿಯ ಗುಮಾಸ್ತರೊಬ್ಬರ ಹೆಂಡತಿ, ಕುಬಟೂರಿನ ಕಡೆಯ ರೈತರ ಮಗಳು, ಒಂದು ದಿನ ನೈಲಾನ್ ಸೀರೆ ಉಟ್ಟು ಬಂದರು. ಊರಿಗೆ ಅದೇ ಮೊದಲ ನೈಲಾನ್ ಸೀರೆ. ಪತ್ರಿಕೆಯ ಚಿತ್ರದಲ್ಲಿ ನೋಡಿ ಗಂಡನಿಂದ ತರಿಸಿದ್ದು. ತೋರಿಸಲೆಂದೇ ಅಂಗಡಿಗೆ ಬಂದಿದ್ದರು. ಮುಖದಲ್ಲಿ ಅದು ಕಾಣುತ್ತಿತ್ತು. ಶಾಂತವ್ವನವರ ಕೈ ಮೇಲೆದ್ದಿತು. ಮುಖ ಮುಚ್ಚಿ ನೋಡಿದರು, ಸೀರೆ ಮುಚ್ಚಿ ನೋಡಿದರು.

“ಸೀರಿ ಬೊಂಬಾಯಿದು. ಒಳಗಿನಾಕಿ ಕುಬಟೂರಿನಾಕಿ. ಇಬ್ರಿಗೂ ಇನ್ನೂ ಪರಿಚಯ ಆಗಿಲ್ಲ.”

ನಾನೂ ನಕ್ಕೆ. ನಗದಿರುವುದು ಸಾಧ್ಯವಿರಲಿಲ್ಲ. ಅಂದಿನಿಂದ ಆ ಹೆಂಗಸು ನಲ್ಲಿಯ ಹತ್ತಿರ ಕೊಡ ಇಟ್ಟರೂ, ಮಠಕ್ಕೆ ಹೋದರೂ, “ಪರಿಚಯ ಆತೇನ್ರೀ?” ಎಂದು ಯಾರಾದರೂ ಕೇಳುತ್ತಿದ್ದರು. ಅವರು ಆ ಸೀರೆ ಮತ್ತೆ ಉಡಲಿಲ್ಲ. ಕೆಲವು ತಿಂಗಳಾದ ಮೇಲೆ ಪೇಟೆ ಬೀದಿಗೆ ಬರುವುದನ್ನೂ ಬಿಟ್ಟರು. ಇದನ್ನು ಶಾಂತವ್ವನವರಿಗೆ ಹೇಳಿದಾಗ, “ಸೀರಿ ಉಳೀತಲ್ಲ, ಬಾಳಿಕಿ ಬರ್ತೈತಿ” ಎಂದರು.

ಗಿರಿಜಾಳ ವಿಷಯ ಇದಾದ ಮುಂದಿನ ವರ್ಷದ್ದು. ಅವಳು ಉಳವಿಯ ರೈತರ ಮಗಳು, ಸೊರಬದ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿ. ಶಿಕಾರಿಪುರದ ಕಿರಾಣಿ ವ್ಯಾಪಾರಿ ಮಲ್ಲೇಶಪ್ಪನವರ ಮಗನಿಗೆ ಅವಳನ್ನು ಗೊತ್ತುಮಾಡಿದ್ದರು. ತಂದೆ ಇಲ್ಲದ ಹುಡುಗಿ. ತಾಯಿ ಗೌರಮ್ಮ ಎರಡು ವರ್ಷ ಅಲೆದು ಹುಡುಕಿದ ಸಂಬಂಧ. ಮದುವೆಯ ಜವಳಿಗೆಂದು ತಾಯಿ ಮಗಳು ಬಸ್ಸಿನಲ್ಲಿ ಬಂದರು. ಸಂತೆಯ ದಿನ. ಅಂಗಡಿ ತುಂಬಿತ್ತು.

ಸೀರೆ ಆರಿಸುವುದು ಮುಗಿದ ಮೇಲೆ ಗಿರಿಜಾ ಪತ್ರಿಕೆ ಕೈಗೆತ್ತಿಕೊಂಡಳು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಚಿತ್ರದ ಕೆಳಗಿನ ಸಾಲನ್ನು ಬೆರಳಿಟ್ಟು ಓದಿಕೊಂಡಳು. ಅಗಲ ಕತ್ತಿನ, ಮೊಳಕೈವರೆಗೆ ತೋಳಿನ ಒಂದು ರವಿಕೆಯ ಚಿತ್ರ ನೋಡಿ ತಾಯಿಯ ಕಡೆ ತಿರುಗಿದಳು.

“ಅಮ್ಮಾ, ಇಂಥದೇ ಒಂದು ಕುಬುಸ ಮಾಡಿಸ್ಕಳನ. ಮದುವೆಗಿಂತ ಮುಂಚೇನೇ ಆಗ್ಬೇಕು.”

ಇಲ್ಲಿ ಒಂದು ವಿವರ ಹೇಳಬೇಕು. ಅವಳ ಊರಿನ ಕಡೆ ಕುಬುಸ ಎಂದರೆ ತೊಡುವ ರವಿಕೆ, ಅಷ್ಟೇ. ಬಸುರಿಗೆ ಮಾಡುವ ಶಾಸ್ತ್ರಕ್ಕೆ ಅಲ್ಲಿ ಬಯಕೆ ಊಟ ಎನ್ನುತ್ತಿದ್ದರು. ಶಿಕಾರಿಪುರದ ಪೇಟೆಯಲ್ಲಿ ದರ್ಜಿಯ ಹತ್ತಿರ ಹೊಲಿಸುವ ರವಿಕೆಗೆ ಆಗಲೇ ಜಂಪರು ಎಂಬ ಹೆಸರು ನಿಂತಿತ್ತು. ಕುಬುಸ ಮಾಡುವುದು ಎಂದರೆ ತವರಿನವರು ಬಂದು ಬಸುರಿ ಮಗಳಿಗೆ ಹಸಿರು ಕುಬುಸ ತೊಡಿಸಿ ಆರತಿ ಎತ್ತುವ ಕಾರ್ಯ. ಎರಡು ಊರಿನ ನಡುವೆ ಒಂದು ಬಸ್ಸಿನ ದಾರಿ. ಆ ದಾರಿಯಲ್ಲಿ ಎಲ್ಲಿಯೋ ಈ ಮಾತಿನ ಅರ್ಥ ಬದಲಾಗುತ್ತಿತ್ತು.

ಪಕ್ಕದಲ್ಲಿ ಸೀರೆ ಆರಿಸುತ್ತಿದ್ದವರು ತಿರುಗಿ ನೋಡಿದರು. ಶಾಂತವ್ವನವರು ಕೈ ಎತ್ತಲಿಲ್ಲ. ಬಹಳ ಸಮಾಧಾನದಿಂದ ಕೇಳಿದರು: “ಮದುವಿಗಿಂತ ಮುಂಚೆ ಕುಬುಸಾನಾ? ನಿಮ್ಮ ಸೊರಬದ ಕಡಿ ಪದ್ಧತಿ ಹಂಗೈತೇನವ್ವಾ?”

“ಹೌದಲ್ಲ, ನಮ್ಮ ಕಡೆ ಎಲ್ಲಾ ಹಾಂಗೇ.”

“ಎಲ್ಲಾರೂ?”

“ಎಲ್ಲಾರೂ. ನಮ್ಮಕ್ಕಂಗೂ ಹಾಂಗೇ ಮಾಡ್ಸಿದ್ವಿ.”

ಅಂಗಡಿಯ ನಗು ಎದುರಿನ ಪಾತ್ರೆ ಅಂಗಡಿಯವರೆಗೆ ಕೇಳಿಸಿತು. ಒಬ್ಬಾಕೆ ನಗು ತಡೆಯಲಾರದೆ ಬಟ್ಟೆಯ ಗಂಟಿನ ಮೇಲೆ ಒರಗಿದಳು. ಏನೋ ತಮಾಷೆ ನಡೆದಿದೆ ಎಂದುಕೊಂಡು ಗಿರಿಜಾ ತಾನೂ ನಕ್ಕಳು. ಗೌರಮ್ಮನಿಗೆ ಮೊದಲು ತಿಳಿಯಿತು. ಮಗಳ ಕೈಯಿಂದ ಪತ್ರಿಕೆ ಕಿತ್ತು ಗಾದಿಯ ಮೇಲಿಟ್ಟು, ಅವಳನ್ನು ಎಳೆದುಕೊಂಡು ಹೊರಟರು. ಕೊಂಡ ಸೀರೆಯ ಗಂಟು ಅಲ್ಲಿಯೇ ಉಳಿದಿತ್ತು; ಮೈದುನ ಬಸ್‌ಸ್ಟ್ಯಾಂಡಿಗೆ ಓಡಿ ಹೋಗಿ ಕೊಟ್ಟು ಬಂದರು.

ಮಾತು ಅವರ ಜೊತೆಯ ಬಸ್ಸಿನಲ್ಲಿಯೇ ಸೊರಬಕ್ಕೆ ಹೋಯಿತು. ಕಂಡಕ್ಟರು, “ಕುಬುಸದೋರು ಹುಷಾರಾಗಿ ಕೂತ್ಕಳ್ರಿ, ರಸ್ತೆ ಸರಿಯಿಲ್ಲ” ಎಂದನಂತೆ. ಸೋಮವಾರ ಶಾಲೆಯ ಕರಿಹಲಗೆಯ ಮೇಲೆ ಯಾರೋ ರವಿಕೆಯ ಚಿತ್ರ ಬರೆದಿದ್ದರು. ಇತ್ತ ಶಿಕಾರಿಪುರದಲ್ಲಿ ಮಲ್ಲೇಶಪ್ಪನವರ ಅಂಗಡಿಗೆ ಬೆಲ್ಲ ಕೊಳ್ಳಲು ಬಂದವರು, “ಸಾವ್ಕಾರ್ರೇ, ಮದುವಿ ಊಟಾನೂ ಕುಬುಸದ ಊಟಾನೂ ಒಂದೇ ದಿನ ಅಂತಲ್ಲ, ಖರ್ಚು ಉಳೀತು” ಎನ್ನತೊಡಗಿದರು. ಹುಡುಗಿ ನಕ್ಕದ್ದೂ ಲೆಕ್ಕಕ್ಕೆ ಬಂತು. ನಾಚಿಕೆ ಇದ್ದವಳು ನಗುತ್ತಿದ್ದಳೇ ಎಂದು ಹೆಂಗಸರು ಕೇಳಿದರು.

ನಾನು ಮಲ್ಲೇಶಪ್ಪನವರನ್ನು ಕಂಡು, ಅಂದು ನಾನೂ ಅಂಗಡಿಯಲ್ಲಿದ್ದೆ, ಅವಳು ಹೇಳಿದ್ದು ಜಂಪರಿನ ಮಾತು ಎಂದೆ.

“ನಮಗ ಗೊತ್ತಿಲ್ಲೇನು ತಮ್ಮಾ? ಊರಾಗ ಎಲ್ಲಾರಿಗೂ ಗೊತ್ತೈತಿ” ಎಂದರು. “ಗೊತ್ತಿದ್ದೂ ನಗ್ತಾರಲ್ಲ, ಅದಕ್ಕ ಏನ್ ಔಷಧ? ನನ್ನ ಮಗ ಅಂಗಡ್ಯಾಗ ಕೂಡಂಗಿಲ್ಲ ಅಂತಾನ. ಶಾಂತವ್ವ ಕೂತ ಜಾಗದಿಂದ ಒಂದು ಮಾತು ಹೇಳ್ಲಿ, ಹುಡುಗಿ ಚಲೋದು ಅಂತ. ಊರು ಬಾಯಿ ಮುಚ್ತೈತಿ, ನಾ ಮದುವಿ ಮಾಡ್ತೀನಿ.”

ಇದೇ ಮಾತನ್ನು ಅವರು ಗೌರಮ್ಮನಿಗೂ ಹೇಳಿಕಳಿಸಿದ್ದರು. ಮರುದಿನವೇ ಗೌರಮ್ಮ ಬಂದರು. ಶಾಂತವ್ವನವರು ಚಾಪೆ ಹಾಸಿಸಿ, ಚಹಾ ತರಿಸಿದರು. ಗೌರಮ್ಮ ಲೋಟ ಮುಟ್ಟಲಿಲ್ಲ.

“ಅಮ್ಮಾ, ನೀವು ಒಂದ್ ಮಾತು ಹೇಳಿ. ನಮ್ಮ ಹುಡುಗಿ ಬಾಳು ಉಳೀತದೆ.”

“ಏನಂತ ಹೇಳ್ಲವ್ವಾ? ಆಕಿ ಹಂಗ ಅಂದಿಲ್ಲ ಅಂತ ಹೇಳ್ಲಾ? ಅಂದಾಳಲ್ಲ.”

“ತಮಾಷೆಗೆ ಕೇಳ್ದೆ ಅನ್ನಿ.”

“ತಮಾಷಿ ಅಂತ ಎಲ್ಲಾರಿಗೂ ಗೊತ್ತೈತಿ. ಹೊಸದಾಗಿ ಹೇಳೋದು ಏನೈತಿ?”

“ಹುಡುಗಿ ಒಳ್ಳೇದು ಅಂತಾದ್ರೂ ಅನ್ನಿ ಮಾರಾಯ್ರೇ. ನಿಮ್ಮ ಕಾಲಿಗೆ ಬೀಳ್ತೀನಿ.”

ಗೌರಮ್ಮ ನಿಜವಾಗಿಯೂ ಬಗ್ಗಿದರು. ಶಾಂತವ್ವನವರು ಕಾಲು ಹಿಂದಕ್ಕೆಳೆದುಕೊಂಡರು. “ನಾ ಬಟ್ಟಿ ಮಾರಾಕಿ. ಹುಡುಗೀರಿಗೆ ಸರ್ಟಿಫಿಕೇಟ್ ಕೊಡಾಕ ಕೂತಿಲ್ಲ. ಚಾ ಆರಿ ಹೋಗ್ತೈತಿ, ಕುಡಿ.”

ಗೌರಮ್ಮ ಹೋದ ಮೇಲೆ, ಒಂದು ಮಾತು ಹೇಳಿದ್ದರೆ ನಿಮಗೇನು ಹೋಗುತ್ತಿತ್ತು ಎಂದು ಕೇಳಿದೆ. ಅವರು ನನ್ನನ್ನು ನೋಡಲಿಲ್ಲ. “ಇವತ್ತು ತಪ್ಪಾತು ಅಂದ್ರ, ನಾಳಿ ನಾ ಏನಂದ್ರೂ ಇವ್ರು ನಗಂಗಿಲ್ಲ. ನಂದೂ ಹೋಗ್ತೈತಿ ತಮ್ಮಾ. ನಿನಗ ತಿಳಿಯಂಗಿಲ್ಲ.”

ಸಂಬಂಧ ಮುರಿಯಿತು. ಮಲ್ಲೇಶಪ್ಪನವರು ಮಗನಿಗೆ ಶಿರಾಳಕೊಪ್ಪದ ಕಡೆಯಿಂದ ಹೆಣ್ಣು ತಂದರು. ಜವಳಿ ಕೊಂಡದ್ದು ಶಾಂತವ್ವನವರ ಅಂಗಡಿಯಲ್ಲಿಯೇ, ದರ ಹೊಂದುತ್ತಿತ್ತು. ಅಂದು ನಾನು ಬೆಂಚಿನ ಮೇಲಿದ್ದೆ. ಮದುಮಗಳು ತಲೆ ಬಗ್ಗಿಸಿ ಕೂತಿದ್ದಳು. ಯಾವ ಸೀರೆ ಬಿಚ್ಚಿ ತೋರಿಸಿದರೂ ಬೆರಳಿನಿಂದ ಹೌದು, ಅಲ್ಲ ಎಂದು ತೋರಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಮನೆಯಲ್ಲಿ ಹೇಳಿ ಕಳಿಸಿದ್ದರು. ಪತ್ರಿಕೆ ಮುಂದೆ ಸರಿಸಿದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅದು ಅವಳೊಬ್ಬಳ ರೀತಿಯಾಗಿ ಉಳಿಯಲಿಲ್ಲ. ಸಂತೆಗೆ ಬರುವ ಹೆಂಗಸರೆಲ್ಲ ಬೆರಳು ತೋರಿಸಿ ವ್ಯಾಪಾರ ಮಾಡುವುದನ್ನು ಕಲಿತರು. ಪತ್ರಿಕೆ ಬರುತ್ತಿತ್ತು, ಪುಟ ತಿರುಗುತ್ತಿತ್ತು. “ಹೆಂಗೈತಿ ಹೇಳವ್ವಾ?” ಎಂದರೆ, “ನೀವು ಹೇಳಿದಂಗ, ಅವ್ವಾರೆ” ಎನ್ನುವರು. ಅವರು ಚುಚ್ಚಿ ನೋಡಿದರು, ಕೆಣಕಿ ನೋಡಿದರು. “ಯಾಕ್ರವ್ವಾ, ನಾಲಿಗಿ ಮನ್ಯಾಗ ಇಟ್ಟು ಬಂದೀರೇನು?” ಎಂದರು. ಎಲ್ಲರೂ ಮರ್ಯಾದೆಯಿಂದ ನಕ್ಕರು. ವ್ಯಾಪಾರ ಕಡಿಮೆಯಾಗಲಿಲ್ಲ. ಆದರೆ ಅವರಿಗೆ ಹಿಡಿಯಲು ಒಂದು ಮಾತೂ ಸಿಗುತ್ತಿರಲಿಲ್ಲ. ಬಂಡೆಯಂತಿದ್ದ ಹೆಂಗಸು ಒಂದೇ ವರ್ಷದಲ್ಲಿ ಇಳಿದುಹೋದರು.

ನನ್ನನ್ನು ಪತ್ರಿಕೆಯವರು ಶಿವಮೊಗ್ಗಕ್ಕೆ ಕರೆಸಿಕೊಂಡರು. ಹೊರಡುವ ಹಿಂದಿನ ಮಧ್ಯಾಹ್ನ ಹೇಳಿಹೋಗಲು ಅಂಗಡಿಗೆ ಹೋದೆ. ಗಾದಿಯ ಮೇಲೆ ಅವರೊಬ್ಬರೇ ಇದ್ದರು. ಶಿವಮೊಗ್ಗದಲ್ಲಿ ಊಟಕ್ಕೇನು, ರೂಮಿಗೇನು ಎಂದೆಲ್ಲ ಕೇಳಿದರು. ಹಿಂದೆಂದೂ ಅವರು ಇಂಥ ಪ್ರಶ್ನೆ ಕೇಳಿದವರಲ್ಲ. ನಾನು ಎದ್ದಾಗ ಕೇಳಿದರು:

“ಆ ಸೊರಬದ ಹುಡುಗಿ ಮದುವಿ ಆತೇನು?”

“ಇಲ್ಲ ಅವ್ವಾರೆ. ಸಾಗರದ ಕಡೆ ವರ್ಗ ಮಾಡಿಸಿಕೊಂಡು ಹೋದಳಂತೆ. ಬಂದ ಸಂಬಂಧವನ್ನೆಲ್ಲ ಬೇಡ ಅಂತಾಳಂತೆ.”

ಅವರು ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದರು.

“ಹುಡುಗಿ ಚಲೋದಿತ್ತು” ಎಂದರು. “ಆ ಕುಬುಸ ಆಕಿಗೆ ಬಾಳ ಒಪ್ಪತಿತ್ತು.”

ಅಂಗಡಿಯಲ್ಲಿ ಆಗ ನಾವಿಬ್ಬರೇ ಇದ್ದೆವು.