ಅಮ್ಮ ಬರೆದ ಕೈ

ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಮಗಳ ಶಾಲೆಯ ಹಾಳೆಗಳಿಗೆ ಪ್ರತಿ ತೆಗೆಸುವಾಗ ಬಿಸಿ ಕಾಗದದ ವಾಸನೆ ಬರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ನನ್ನ ಮೂಗು ಹುಡುಕುವುದು ಅದನ್ನಲ್ಲ. ಅದಕ್ಕೆ ಬೇಕಿರುವುದು ಸ್ಟೆನ್ಸಿಲ್ ಹಾಳೆಯ ಮೇಣ, ಜೆರಾಕ್ಸ್‌ಗೂ ಮುಂಚೆ ಪ್ರತಿ ಹೊಡೆಯುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರದ ಶಾಯಿಯ ಘಾಟು, ನಡುವೆ ಅಮ್ಮನ ಸೆರಗಿಗೆ ಅಂಟಿದ ಒಗ್ಗರಣೆ. ತೊಂಬತ್ತರ ದಶಕದ ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನ ಪುಟ್ಟ ಮನೆಯಲ್ಲಿ, ನನ್ನ ಭಾನುವಾರಗಳೆಲ್ಲ ಈ ವಾಸನೆಯವು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದಿರಬಹುದು. ಮನೆ ಹೋದರೂ ಅದು ಹೋಗುವುದಿಲ್ಲ.

ಅಮ್ಮ ಒಂದನೇ ಕ್ಲಾಸಿನ ಟೀಚರ್. ಪುಸ್ತಕದಲ್ಲಿ ಅಕ್ಷರ ಜಾಸ್ತಿ, ಚಿತ್ರ ಕಡಿಮೆ ಎಂದು ವಿಜ್ಞಾನದ ಪಾಠಗಳಿಗೆ ತಾನೇ ಹಾಳೆ ತಯಾರಿಸುತ್ತಿದ್ದಳು. ಮಾಡು ಎಂದು ಯಾರೂ ಹೇಳಿರಲಿಲ್ಲ, ಮಾಡಿದ್ದನ್ನು ಯಾರೂ ಮೆಚ್ಚಿಕೊಳ್ಳಲೂ ಇಲ್ಲ. ವಾರವಿಡೀ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳು ಭಾನುವಾರ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಲೇ ನೆಲದ ಮೇಲೆ ಹಾಳೆ ಹರಡುತ್ತಿದ್ದಳು. ಹಲ್ಲಿ, ನುಗ್ಗೆ ಸೊಪ್ಪು, ನಲ್ಲಿಯ ಕೆಳಗಿನ ಕೊಡ, ಹೀಗೆ ಮಕ್ಕಳು ದಿನಾ ನೋಡುವುದೇ ಅವಳ ಚಿತ್ರಗಳು. ಗೆರೆ ದಪ್ಪ ಇರಬೇಕು, ಬಣ್ಣ ಹಚ್ಚಲು ಜಾಗ ಬೇಕು, ಒಂದು ಹಾಳೆಗೆ ಒಂದೇ ಪ್ರಶ್ನೆ. ಎಲ್ಲಕ್ಕಿಂತ ಮೇಲೆ ‘ನೋಡಿ ಬರೆ’ ಎಂದು ತಪ್ಪದೆ ಬರೆಯುತ್ತಿದ್ದಳು. ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಅಪ್ಪನಿಗೆ ಕಾರ್ಖಾನೆಯಲ್ಲಿ ಮಷೀನಿಗೆ ಸಿಕ್ಕಿ ಬಲಗೈಯ ಕಿರುಬೆರಳು ಬುಡಸಮೇತ ಹೋಗಿತ್ತು. ನಾನು ಹುಟ್ಟುವ ಮುಂಚಿನ ಮಾತು. ಹೊರಗೆ ಹೋದರೆ ಅಪ್ಪ ಆ ಕೈಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುತ್ತಿರಲಿಲ್ಲ. ಅಕ್ಷತೆ ಹಾಕಿ, ಶಿಫ್ಟ್ ಇದೆ ಎಂದು ಸುಳ್ಳು ಹೇಳಿ ಬಂದುಬಿಡುತ್ತಿದ್ದ. “ಎಲ್ರ ಕಣ್ಣೂ ನನ್ ಎಲೆ ಮೇಲೇ ಇರುತ್ತೆ,” ಎಂದು ಒಮ್ಮೆ ಅಮ್ಮನಿಗೆ ಹೇಳಿದ. “ನಿಂಗೂ ಅದೇ ಕಾಣ್ಸೋದು, ಬಾಯ್ಬಿಟ್ಟು ಹೇಳಲ್ಲ ಅಷ್ಟೆ.” ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

ಒಂದು ಭಾನುವಾರ ‘ನಮ್ಮ ಕೈ’ ಹಾಳೆಯ ಸರದಿ ಬಂತು. ನನ್ನದೂ ಅವಳದೂ ಸಣ್ಣ ಕೈ, ಬಣ್ಣ ಹಚ್ಚಲು ಜಾಗ ಸಾಲದು. ರಾತ್ರಿಪಾಳಿ ಮುಗಿಸಿ ಬಂದು ಚಾಪೆಯ ಮೇಲೆ ಮಲಗಿದ್ದ ಅಪ್ಪನ ಕೈ ಎಳೆದು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಆಡಿಸಿದಳು. “ಕಚಗುಳಿ ಆಗುತ್ತೆ, ಬಿಡೇ ಮಾರಾಯ್ತಿ,” ಎಂದು ಅಪ್ಪ ನಿದ್ದೆಗಣ್ಣಲ್ಲೇ ಗೊಣಗಿ ಮಗ್ಗುಲು ಬದಲಿಸಿದ. ಅಮ್ಮ ಆ ಗೆರೆಯನ್ನು ಸ್ಟೆನ್ಸಿಲ್‌ಗೆ ಇಳಿಸಿ, ಕೆಳಗೆ ‘ಕೈಯಲ್ಲಿ ಎಷ್ಟು ಬೆರಳುಗಳಿವೆ?’ ಎಂದು ಬರೆದು, ಸಂಜೆಯೇ ಓಲ್ಡ್ ಟೌನಿನ ಅಂಗಡಿಯಲ್ಲಿ ಕ್ಲಾಸಿಗಾಗುವಷ್ಟು ಪ್ರತಿ ಹೊಡೆಸಿ ಮನೆಗೆ ತಂದು, ಮರುದಿನ ಶಾಲೆಗೆ ಒಯ್ದಳು.

ಮಕ್ಕಳು ಬರೆದ ಹಾಳೆಗಳು ಶನಿವಾರ ಮನೆಗೆ ಬಂದವು. ಅಮ್ಮ ಕೆಂಪು ಪೆನ್ನು ಹಿಡಿದು ಒಂದಾದ ಮೇಲೊಂದು ತಪ್ಪು ಹಾಕುತ್ತಾ ಹೋದಳು. ಅಲ್ಲೊಂದು ಇಲ್ಲೊಂದು ಐದು, ಮಿಕ್ಕಿದ್ದೆಲ್ಲ ನಾಲ್ಕು. “ಬೆರಳು ಎಣ್ಸೋಕೂ ಬರಲ್ವಲ್ಲ ಇವಕ್ಕೆ! ಯಾವ ಸುಖಕ್ಕೆ ನಾನು ಇಷ್ಟು ಸಾಯೋದು?” ಅವಳ ದನಿ ಸೋತಿತ್ತು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪ ಒಂದು ಹಾಳೆ ಎತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ನೆಲದ ಮೇಲಿಟ್ಟು, ಬಲಗೈಯನ್ನು ಮೆಲ್ಲಗೆ ಚಿತ್ರದ ಮೇಲಿಟ್ಟ. ಸರಿಯಾಗಿ ಕೂತಿತು.

“ಮಕ್ಳು ಸರಿಯಾಗೇ ಎಣ್ಸಿದಾವೆ ಕಣೇ,” ಅಂದ.

ಅಮ್ಮ ಹಾಳೆ ನೋಡಿದಳು, ಕೈ ನೋಡಿದಳು. ಕೆಂಪು ಪೆನ್ನು ಕೆಳಗಿಟ್ಟಳು. “ಅಯ್ಯೋ, ನಂಗೆ ಹೊಳೀಲೇ ಇಲ್ಲ ಕಣ್ರೀ. ಬರೀವಾಗ್ಲೂ ಇಲ್ಲ, ಹಂಚುವಾಗ್ಲೂ ಇಲ್ಲ. ನಿಮ್ ಕೈ ನಂಗೆ ಯಾವತ್ತೂ ಹಂಗೆ ಕಂಡೇ ಇಲ್ಲ,” ಎಂದವಳೇ ಅಳತೊಡಗಿದಳು. ಗಂಡ ಮುಚ್ಚಿಟ್ಟುಕೊಂಡಿದ್ದನ್ನು ಊರ ಮಕ್ಕಳಿಗೆಲ್ಲ ಹಂಚಿಬಂದೆನಲ್ಲ ಎಂದು ಅವಳ ಸಂಕಟ. ಅಪ್ಪನ ಕಣ್ಣೂ ತುಂಬಿತ್ತು, ಆದರೆ ಕಾರಣ ಬೇರೆ. ಇಷ್ಟು ವರ್ಷ ಜೊತೆಗಿದ್ದವಳು ತನ್ನ ಕೈಯಲ್ಲಿ ಕೊರತೆಯನ್ನೇ ಕಂಡಿರಲಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. “ನಾಲ್ಕು ಬರ್ದಿರೋವ್ರಿಗೆಲ್ಲ ರೈಟ್ ಹಾಕು,” ಎಂದಷ್ಟೇ ಹೇಳಿ ಲೋಟ ತೊಳೆಯಲು ಎದ್ದುಹೋದ. ಅದಾದ ಮೇಲೂ ಅಪ್ಪ ಪಂಕ್ತಿಗೆ ಕೂರಲಿಲ್ಲ, ಜೇಬಿನಿಂದ ಕೈ ತೆಗೆಯಲಿಲ್ಲ. ಅಮ್ಮನನ್ನು ಮಾತ್ರ ಮತ್ತೆಂದೂ ‘ನಿಂಗೂ ಅದೇ ಕಾಣ್ಸೋದು’ ಎಂದು ಚುಚ್ಚಲಿಲ್ಲ.

ಕ್ವಾರ್ಟರ್ಸ್ ಬಿಟ್ಟೆವು. ಅಪ್ಪ ಮೊದಲು ಹೋದ. ಅಮ್ಮ ಶಿವಮೊಗ್ಗದಲ್ಲಿ ನನ್ನ ಜೊತೆಗಿದ್ದಳು. ಕೊನೆಕೊನೆಗೆ ಕಣ್ಣು ಪೂರ್ತಿ ಮಂಜಾಗಿ, ಅಪ್ಪ ಇಲ್ಲ ಎಂಬುದೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಒಂದು ಮಧ್ಯಾಹ್ನ ಮಂಚದ ಪಕ್ಕ ಕೂತಿದ್ದೆ. ನನ್ನ ಬಲಗೈ ಹಿಡಿದುಕೊಂಡು, “ಡ್ಯೂಟಿ ಮುಗೀತೇನ್ರೀ?” ಎಂದಳು. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಸವರುತ್ತ ಹೋದಳು. ಕಿರುಬೆರಳು ಸಿಕ್ಕಿತು. ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಕೈ ಬಿಟ್ಟು ಗೋಡೆಯ ಕಡೆ ತಿರುಗಿಕೊಂಡಳು.