ಅಂಗಳದ ಮುಳ್ಳುಬೇಲಿ

ಸೊಳ್ಳೆಮದ್ದಿನ ಪಂಪು ಹೊತ್ತು ಹೋಗಿದ್ದ ನನ್ನನ್ನು ಆ ಮನೆಯ ಯಜಮಾನ ತನ್ನ ಅಂಗಳದಲ್ಲೇ ತಡೆದ. ಅವನ ತಮ್ಮನ ಮನೆಗೆ ಇದ್ದ ದಾರಿ ಅದೊಂದೇ. ಜಮೀನಿನ ಜಗಳಕ್ಕೆ ಅಲ್ಲಿ ಒಣಮುಳ್ಳಿನ ಬೇಲಿ ಹಾಕಿದ್ದ. ಬೇಲಿಯಾಚೆ ತಮ್ಮ, ತಮ್ಮನ ಹೆಂಡತಿ ಇಬ್ಬರೂ ಚಳಿಜ್ವರದಲ್ಲಿ ಮಲಗಿದ್ದರು. ಒಲೆ ಹಚ್ಚುವವರಿರಲಿಲ್ಲ.

"ಸಾಯ್ಲಿ ಬುಡಿ," ಅಂದ.

ಐವತ್ತರ ದಶಕದ ಕೋಟೆ ತಾಲ್ಲೂಕು ಅದು, ಚಳಿಜ್ವರಕ್ಕೆ ಮನೆಮನೆಯಲ್ಲೂ ಜನ ಸಾಯುತ್ತಿದ್ದ ಕಾಲ. ಮಲೇರಿಯಾ ಏನೆಂದು ಗೊತ್ತಿದ್ದೂ ಹಾಗಂದ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಹುಣಸೂರಿನ ಚರ್ಚಿನ ಹೆಂಗಸರು ಮೂವರು ಬಂದರು. ದಿನಾ ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಅದರಲ್ಲಿ ಕಾಯಿಲೆಯವರಿಗೆ ಗಂಜಿ ಕಾಯಿಸುವುದು ಅವರ ಪದ್ಧತಿ. ಅವನು ಅವರನ್ನೂ ಒಳಗೆ ಬಿಡಲಿಲ್ಲ. ಅವರು ನನ್ನಿಂದ ಅವನ ಹೆಸರು ಕೇಳಿಕೊಂಡು, ಅಲ್ಲೇ ಮಂಡಿಯೂರಿ ಅವನಿಗಾಗಿ ಪ್ರಾರ್ಥನೆ ಶುರು ಮಾಡಿದರು.

"ಜ್ವರ ಬಂದಿರೋದು ಅವ್ರಿಗೆ ಕಣಮ್ಮೋ! ನಂಗ್ಯಾಕೆ?"

ಹಿರಿಯಾಕೆ ಕಣ್ಣು ತೆರೆದರು. "ಅವ್ರಿಗೆ ಗಂಜಿ ಸಾಕು ಕಣಪ್ಪ. ಪ್ರಾರ್ಥನೆ ಬೇಕಾಗಿರೋದು ನಿಂಗೆ."

ಅವನ ಹೆಂಡತಿ ಒಳಗಿಂದ ಬಂದು, ಗಂಡನ ಮುಖ ನೋಡದೆ ಬೇಲಿ ಕಿತ್ತಳು. ಚರ್ಚಿನ ಹೆಂಗಸರು ಆ ಮುಳ್ಳನ್ನೇ ತಮ್ಮನ ಮನೆಯ ಒಲೆಗಿಟ್ಟು ಗಂಜಿ ಕಾಯಿಸಿದರು. ನಾನು ಎರಡೂ ಮನೆಗೆ ಮದ್ದು ಹೊಡೆದೆ.

ಜ್ವರದವರಿಬ್ಬರೂ ಬದುಕಿಕೊಂಡರು. ಅಣ್ಣತಮ್ಮಂದಿರು ಆಮೇಲೂ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ಬೇಲಿ ಮತ್ತೆ ಏಳಲಿಲ್ಲ.