ಮಗಳ ಹೆಗಲಿಗೇರಿದ ಒನಕೆ

ಅಂಗಳದಲ್ಲಿ ಕುಳಿತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಕುಟ್ಟೋಣವೆಂದರೆ ಒನಕೆ ಎಂದಿನಂತೆ ಮಗಳ ಹೆಗಲಿಗೇರಿತ್ತು.

ಅವಳು ರೈಫಲ್ ಶೂಟಿಂಗ್ ಕಲಿಯುತ್ತಿದ್ದಳು. ನಮ್ಮ ಕಡೆಯ ಶೂಟಿಂಗ್ ಸಂಘದ ಸಮಿತಿಯವರು ಅಭ್ಯಾಸದ ಶೆಡ್ಡಿಗೆ ಬೀಗ ಹಾಕಿ, ತಮ್ಮ ಮನೆಯ ಮಕ್ಕಳಿಗಷ್ಟೇ ತೆಗೆಯುತ್ತಿದ್ದರು. ರಾಜ್ಯಮಟ್ಟದ ಪಂದ್ಯ ಹತ್ತಿರ ಬಂದಿತ್ತು. ಕೈ ನಡುಗುವುದು ಶುರುವಾದೀತೆಂದು ಹೆದರಿ, ಇವಳು ದಿನಾ ಒನಕೆಯನ್ನೇ ರೈಫಲ್ಲಿನಂತೆ ಹಿಡಿದು, ದೇವರ ಕೋಣೆಯ ಗೋಡೆಗೆ ನಾನಿಟ್ಟ ಕುಂಕುಮದ ಬೊಟ್ಟಿಗೆ ಗುರಿಯಿಟ್ಟು ನಿಲ್ಲುತ್ತಿದ್ದಳು.

ಪಾಲಕರೆಲ್ಲ ಪಟ್ಟು ಹಿಡಿದಿದ್ದರಿಂದ, ಹೊಸ ಸಮಿತಿಯನ್ನು ಆರಿಸಲು ಅಂದು ಹಾವೇರಿಯಲ್ಲಿ ಸಭೆ ಕರೆದಿದ್ದರು. ಮಧ್ಯಾಹ್ನ ಅಲ್ಲಿಂದ ಯಜಮಾನರ ಫೋನ್ ಬಂತು.

“ಹಳೇ ಮಂದಿ ಇಳದ್ರು ನೋಡು. ನಾಳಿಂದ ಎಲ್ಲಾ ಮಕ್ಕಳಿಗೂ ಶೆಡ್ ತಗೀತಾರ.”

“ಖರೇನ ಏನ್ರಿ?”

“ಖರೇನ. ಹೊಸಾ ಸಮಿತಿಯೊಳಗ ಹೆಣ್ಮಕ್ಕಳೂ ಅದಾರ. ಕೀಲಿಕೈ ಅವರ ಕೈಯಾಗ ಐತಿ.”

ದೇವರಗುಡ್ಡದ ದಿಕ್ಕಿಗೆ ತಿರುಗಿ ಮೈಲಾರಲಿಂಗನಿಗೆ ಕೈಮುಗಿದೆ. ಸುದ್ದಿ ಕೇಳಿದ ಮಗಳು ಒನಕೆ ಹೊತ್ತುಕೊಂಡೇ ಕುಣಿದಳು.

“ಅವ್ವಾ, ಇನ್ನ ನಿನ್ನ ಒನಕಿ ನೀ ಇಟ್ಗೋ!”

“ಕೊಡಿಲ್ಲೆ ಲಗೂನ. ನಿನ್ನ ಗುರಿ ಸಲುವಾಗಿ ಬ್ಯಾಡಗ್ಯಾಗ ಇದ್ಕೊಂಡು ಅಂಗಡಿ ಖಾರದ ಪುಡಿ ತಿಂದೇವಿ.”

ಶೆಡ್ಡಿನ ಬಾಗಿಲೂ ತೆರೆಯಿತು, ನನ್ನ ಒನಕೆಯೂ ಕೈಗೆ ಬಂತು. ಕೇಳಿದ್ದು ಒಂದಾದರೆ ದೇವರು ಎರಡು ಕೊಟ್ಟಿದ್ದ. ಬಿಸಿಲಿಗೆ ಗರಿಗರಿಯಾಗಿದ್ದ ಮೆಣಸಿನಕಾಯಿಯನ್ನು ಒರಳಿಗೆ ಸುರಿದು, ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕುಟ್ಟತೊಡಗಿದೆ.